ಪಾಠ ಬಿಟ್ಟು ಜೊತೆಗೆ ನಡೆದೆವು: ಆಶ್ರಯ ಕೋರಿ ಬಂದವರೊಂದಿಗೆ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಆಶ್ರಯ ಕೋರಿ ಬಂದವರ ಜೊತೆ ಓಡಾಡುವ ಸ್ವಯಂಸೇವಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಸ್ಪೆನ್ ಕಾರ್ಡ್ (ಸರ್ಕಾರ ವಾರದ ದುಡ್ಡು ಹಾಕುವ ಕಾರ್ಡ್), ಎಆರ್‌ಸಿ (ಆಶ್ರಯ ಕೋರಿದವರ ಗುರುತಿನ ಚೀಟಿ) ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಡಾಕ್ಟರ್, ಲೈಬ್ರರಿ ಅಂತ ಓಡಾಡಲು ಹೊಸದಾಗಿ ಬಂದವರನ್ನು ಕೆಲವು ತಿಂಗಳು ಮೊದಲೇ ಬಂದವರ ಜೊತೆ ಕಳಿಸೋಣ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಅವರೇ ಇನ್ನೂ ತಡವರಿಸ್ತಿದ್ದಾರೆ, ಇನ್ನೊಬ್ಬರಿಗೆ ಏನು ತೋರಿಸ್ತಾರೆ?" ಅಂದರು. ಈಗ ಹಾಗೆ ಕೇಳಿದವರೇ ಇದನ್ನು ಮಾಡುತ್ತಿದ್ದಾರೆ.

ಅದಕ್ಕೂ ಮೊದಲು ಹಾಲ್ ಬಾಡಿಗೆಗೆ ಹಿಡಿದು, ದುಭಾಷಿಗಳನ್ನು ಕರೆಸಿ, ಸ್ಲೈಡ್ ಹಾಕಿ, ಇಲ್ಲಿ ಏನು ಹೇಗೆ ನಡೆಯುತ್ತದೆ ಅಂತ ಕ್ಲಾಸ್ ನಡೆಸುತ್ತಿದ್ದೆವು. ಒಂದು ಸಂಜೆಗೆ ಹೆಚ್ಚುಕಮ್ಮಿ ನೂರು ಪೌಂಡ್ ಖರ್ಚು. ಮೊದಲ ಸಲ ಕುರ್ಚಿ ಸಾಲಲಿಲ್ಲ, ಮೂರನೇ ಸಲಕ್ಕೆ ನಾವು ನಾವೇ ಉಳಿದೆವು. ಆಸಕ್ತಿ ಇಲ್ಲ ಅಂದುಬಿಟ್ಟರು ಕೆಲವರು. ಲೆಕ್ಕ ಹಾಕಿ ನೋಡಿ: ಊಟ ಕೊಡುವ ಹೋಟೆಲ್‌ನಲ್ಲಿ ಸರ್ಕಾರ ಇರಿಸಿದವರ ಕೈಗೆ ಬರುವುದು ವಾರಕ್ಕೆ 10 ಪೌಂಡ್‌ಗೂ ಕಡಿಮೆ. 2025ರ ಜನವರಿಯಲ್ಲಿ ಒಂದು ಸಲದ ಬಸ್ ಟಿಕೆಟ್‌ನ ಗರಿಷ್ಠ ದರ 2 ಪೌಂಡ್‌ನಿಂದ 3 ಪೌಂಡ್‌ಗೆ ಏರಿತು. ಹೋಗಿ ಬರಲು 6 ಕೊಟ್ಟು ಸ್ಲೈಡ್ ನೋಡಲು ಯಾರು ಬರುತ್ತಾರೆ?

ಈಗ ವಾರಕ್ಕೆ ಒಂದೇ ಕೆಲಸ. ಹೊಸಬರು ಒಬ್ಬರು, ಆರೇಳು ತಿಂಗಳ ಹಿಂದೆ ಬಂದವರು ಒಬ್ಬರು, ಹತ್ತು ಹೆಜ್ಜೆ ಹಿಂದೆ ನಾನು. ಬಸ್ಸಿನ ದುಡ್ಡು ನಮ್ಮದು. ಸರ್ಕಾರದ ಖರ್ಚಿನ ಇಂಗ್ಲಿಷ್ ಕ್ಲಾಸ್ ಸಿಗುವುದು ಆರು ತಿಂಗಳು ಕಾದ ಮೇಲೆ, ಹಾಗಾಗಿ ಆ ಹಳಬರಿಗೆ ಕಲಿತ ನಾಲ್ಕು ಮಾತನ್ನು ಆಡಿ ನೋಡಲು ಇದೇ ಜಾಗ. ಮೊದಲು ಜಿಪಿ, ಅಂದರೆ ಊರಿನ ಸರ್ಕಾರಿ ಡಾಕ್ಟರ್ ಬಳಿ ನೋಂದಣಿ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ವಿಳಾಸದ ಪುರಾವೆ ಕೇಳುತ್ತಾರೆ. ಅವಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ನಾನು ಮಾತಾಡಿದರೆ ಎರಡು ನಿಮಿಷದ ಕೆಲಸ, ಆದರೆ ಬಾಯಿ ಬಿಡುವುದಿಲ್ಲ. ಹರಕುಮುರುಕು ಇಂಗ್ಲಿಷ್‌ನಲ್ಲಿ ಆ ಹಳಬರೇ ಹೇಳಿ, ಫಾರ್ಮ್ ತೆಗೆದುಕೊಂಡು ಬಂದಾಗ ಹೊಸಬರ ಮುಖ ನೋಡಬೇಕು ನೀವು.

ಆಮೇಲೆ ಲೈಬ್ರರಿ ಕಾರ್ಡ್, ಆಮೇಲೆ ಎಚ್‌ಸಿ2, ಅಂದರೆ ಔಷಧಿ, ಹಲ್ಲು, ಕಣ್ಣಿನ ಖರ್ಚಿಗೆ ನೆರವಾಗುವ ಪ್ರಮಾಣಪತ್ರ. ಈ ಎಚ್‌ಸಿ2 ಎಷ್ಟೋ ಜನರ ಬಳಿ ಲಕೋಟೆಯಲ್ಲೇ ಬಿದ್ದಿರುತ್ತದೆ. ಒಬ್ಬರು ತಿಂಗಳುಗಟ್ಟಲೆ ತಲೆನೋವು ಅನ್ನುತ್ತಿದ್ದರು. ಅದನ್ನು ತೋರಿಸಿ ಕಣ್ಣಿನ ಪರೀಕ್ಷೆ ಪುಕ್ಕಟೆ ಮಾಡಿಸಿದೆವು, ಕನ್ನಡಕಕ್ಕೆ ವೋಚರ್ ಸಿಕ್ಕಿತು, ತಲೆನೋವು ಹೋಯಿತು.

ಯಾರನ್ನು ಯಾರ ಜೊತೆ ಸೇರಿಸುವುದು ಅನ್ನುವುದಕ್ಕೆ ನನ್ನದೇ ಲೆಕ್ಕ ಇದೆ, ಪೂರ್ತಿ ಹೇಳುವುದಿಲ್ಲ. ಒಂದೇ ದೇಶ, ಒಂದೇ ಭಾಷೆ ಅಂತ ಸುಮ್ನೆ ಜೋಡಿಸಬೇಡಿ. ಊರಿನ ಜಗಳದಲ್ಲಿ ಎದುರುಬದುರು ನಿಂತವರೇ ಇಲ್ಲಿ ಅಕ್ಕಪಕ್ಕದ ಕೋಣೆಯಲ್ಲಿ ಇರಬಹುದು.

ಬಸ್ಸಿನ ಖರ್ಚು ಉಳಿಸಲು ಸೈಕಲ್ ಕೂಡ ಪ್ರಯತ್ನಿಸಿದೆ. ದಾನದ ಸೈಕಲ್ ಬೇಕಾದಷ್ಟು ಬಂತು. ಬೀಗ, ದೀಪ, ಬ್ರೇಕ್ ರಿಪೇರಿ ಸೇರಿ ಒಂದಕ್ಕೆ 30 ಪೌಂಡ್ ಹತ್ತಿರ ಹೋಯಿತು. ಆದರೆ ಹೋಟೆಲ್‌ನವರು ನಿಲ್ಲಿಸಲು ಜಾಗ ಕೊಡಲಿಲ್ಲ, ಮೂರ್ನಾಲ್ಕು ಕಳವೂ ಆದವು. ಹೋಟೆಲ್ ಬಿಟ್ಟು ಮನೆಗೆ ಹೋದವರಿಗೆ ಮಾತ್ರ ಈಗ ಸೈಕಲ್.

ನನಗೆ ನಿಜವಾಗಿ ಹೆಮ್ಮೆ ಇರುವುದು 28 ದಿನದ ವಿಷಯದಲ್ಲಿ. ಆಶ್ರಯ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಕುಣಿಯುತ್ತಾರೆ, ಆದರೆ 28 ದಿನಕ್ಕೆ ಕೋಣೆಯೂ ಹೋಗುತ್ತದೆ, ಕಾರ್ಡಿನ ದುಡ್ಡೂ ನಿಲ್ಲುತ್ತದೆ (2024ರ ಡಿಸೆಂಬರ್‌ನಿಂದ ಸ್ವಲ್ಪ ಕಾಲ 56 ದಿನ ಕೊಟ್ಟಿದ್ದರು). ಯೂನಿವರ್ಸಲ್ ಕ್ರೆಡಿಟ್ ಅನ್ನುವ, ಆದಾಯ ಕಡಿಮೆ ಇರುವವರಿಗೆ ಸಿಗುವ ಸರ್ಕಾರಿ ಭತ್ಯೆಯ ಮೊದಲ ಕಂತು ಬರಲು ಐದು ವಾರ ಬೇಕು. ಮುಂಗಡ ಕೊಡುತ್ತಾರೆ, ಅದು ಸಾಲ. ಹಾಗಾಗಿ ತೀರ್ಪಿಗೆ ಕಾಯದೆ ನಾವು ಮೊದಲೇ ಶುರು ಮಾಡುತ್ತೇವೆ: ಇಮೇಲ್ ಅವರದೇ ಇರಬೇಕು, ಪಾಸ್‌ವರ್ಡ್ ಅವರಿಗೇ ನೆನಪಿರಬೇಕು, ಫೋನ್ ನಂಬರ್ ಬದಲಾಗಬಾರದು, ಡಾಕ್ಟರ್ ಕೊಟ್ಟ ಪ್ರತಿ ಕಾಗದ ಒಂದೇ ಫೈಲಿನಲ್ಲಿ ಇರಬೇಕು. ಕಾಯಿಲೆಗೆ ಪುರಾವೆಯಾಗುವ ಆ ಕಾಗದ ಇಲ್ಲದಿದ್ದರೆ ಒಂಟಿ ಗಂಡಸರಿಗೆ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತದಿಂದ) ಸೂರು ಸಿಗುವುದು ಬಹಳ ಕಷ್ಟ, ಗೊತ್ತಲ್ವಾ? ಮೊದಲೆಲ್ಲ ತೀರ್ಪು ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೆಳೆಯರ ಮನೆಯ ನೆಲದ ಮೇಲೆ ಮಲಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ಹತ್ತು ಹನ್ನೆರಡು ಜನರಲ್ಲಿ ಅಂಥವರು ಇಬ್ಬರೇ.

ಅವರ ಆಶ್ರಯದ ಕೇಸಿನ ಬಗ್ಗೆ ಮಾತ್ರ ಒಂದು ಮಾತೂ ಆಡಬೇಡಿ. ನೋಂದಣಿ ಇಲ್ಲದೆ ಆ ಸಲಹೆ ಕೊಡುವುದು ಅಪರಾಧ. ವಕೀಲರ ಬಾಗಿಲ ತನಕ ಕರೆದೊಯ್ಯಿರಿ, ಸಾಕು. ಇಡೀ ಚಳಿಗಾಲಕ್ಕೆ ನಮಗೆ ಆದದ್ದು ಸುಮಾರು 600 ಪೌಂಡ್, ಮುಕ್ಕಾಲು ಪಾಲು ಬಸ್ಸಿಗೇ. ಹಾಲ್ ಬಾಡಿಗೆಗೆ ಎತ್ತಿಟ್ಟ ದುಡ್ಡನ್ನೂ ಈ ವರ್ಷ ಬಸ್ಸಿಗೇ ಹಾಕಿದ್ದೇವೆ.