ಒಲೆ ಹಚ್ಚದ ದಿನದ ಬಿಸಿಲು

2019ರ ಡಿಸೆಂಬರ್ 26ರ ಬೆಳಿಗ್ಗೆ ಅಜ್ಜಿಯ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಬಳೆಯ ಹಾಗೆ ಕಂಡ ಕಂಕಣ ಗ್ರಹಣ ಅದು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಬಳೆ ಪೂರ್ತಿ ಕೂಡಲಿಲ್ಲ. ಸೂರ್ಯ ಒಂದು ತೆಳ್ಳನೆಯ ಕುಡುಗೋಲಾಗಿ ನಿಂತ, ಅಷ್ಟೇ. ಅದನ್ನೂ ನಾನು ಆಕಾಶದಲ್ಲಿ ನೋಡಲಿಲ್ಲ. ಹೊರಗೆ ಹೋಗಲು ಅಜ್ಜಿ ಬಿಡಲಿಲ್ಲ. ಅಡಿಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ಆಗ ಪಡುವಣ ಗೋಡೆ ಕಣ್ಣಿಗೆ ಬಿತ್ತು. ಹೆಂಚಿನ ಸಂದುಗಳಿಂದ ಬೀಳುವ ಬಿಸಿಲಿನ ಬಿಲ್ಲೆಗಳೆಲ್ಲ ಕುಡುಗೋಲಾಗಿದ್ದವು. ಒಂದೆರಡಲ್ಲ, ಇಪ್ಪತ್ತು ಮೂವತ್ತು. ಗೋಡೆ ತುಂಬ ಯಾರೋ ಉಗುರು ಕತ್ತರಿಸಿ ಚೆಲ್ಲಿದ ಹಾಗೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಆ ಬಿಲ್ಲೆಗಳು ಗೊತ್ತೇ ಇರುತ್ತವೆ. ಸಂದು ಚೌಕವಿರಲಿ, ಸೊಟ್ಟಗಿರಲಿ, ನೆಲಕ್ಕೆ ಬೀಳುವ ಬೆಳಕು ಮಾತ್ರ ದುಂಡಗೆ. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಲೆನ್ಸ್ ಇಲ್ಲದೆ ಬರೀ ಸಣ್ಣ ತೂತಿನಿಂದ ಚಿತ್ರ ಬೀಳಿಸುವ ಸೂಜಿಗಣ್ಣಿನ ಕ್ಯಾಮೆರಾದ ಲೆಕ್ಕ. ಆರ್ಟ್ ಸ್ಕೂಲಿನಲ್ಲಿ ಪರೀಕ್ಷೆಗೆ ಓದಿ ಬರೆದಿದ್ದೆ. ಅಡಿಗೆಮನೆಯಲ್ಲೇ ಅಷ್ಟೊಂದು ಕ್ಯಾಮೆರಾಗಳಿವೆ ಎಂದು ಮಾತ್ರ ಹೊಳೆದಿರಲಿಲ್ಲ.

ಇನ್ನೊಂದು ವಿಷಯ ತಡವಾಗಿ ತಲೆಗೆ ಹೋಯಿತು. ಅವತ್ತು ಬಿಲ್ಲೆಗಳಿದ್ದವು, ಆದರೆ ಬಿಸಿಲುಕೋಲು ಇರಲಿಲ್ಲ. ದಿನವೂ ಮಾಡಿನಿಂದ ನೆಲದವರೆಗೆ ಓರೆಯಾಗಿ ನಿಲ್ಲುತ್ತಿದ್ದ ಆ ಬೆಳಕಿನ ಕೋಲುಗಳು ಮಾಯ. ಒಲೆ ಇಲ್ಲ, ಹೊಗೆ ಇಲ್ಲ, ಕೋಲೂ ಇಲ್ಲ. ಮೂವತ್ತು ವರ್ಷ ಬೆಳಕು ಅಂದುಕೊಂಡು ನೋಡಿದ್ದು ಅರ್ಧ ಹೊಗೆಯನ್ನೇ.

ಅಜ್ಜಿಗೆ ಈ ಬಿಲ್ಲೆಗಳೇ ಗಡಿಯಾರ. "ಬಿಸಿಲು ಒರಳಿಗೆ ಬಂತು, ಅನ್ನಕ್ಕಿಡು" ಎನ್ನುತ್ತಿದ್ದಳು. ಒಲೆಕಟ್ಟೆ ಹತ್ತಿದರೆ ಮೂರು ಗಂಟೆಯ ಕಾಫಿ. ಮಳೆಗಾಲದಲ್ಲಿ ಈ ಗಡಿಯಾರ ಓಡುವುದಿಲ್ಲ, ಆಗ ಹೊಟ್ಟೆ ಹಸಿದಾಗಲೇ ಊಟ.

ಎರಡು ವರ್ಷದ ಮೇಲೆ ಅಜ್ಜಿ ಹೋದಳು. ಮನೆಯನ್ನೂ ಇಳಿಸಿದರು. ಮಾವ ತಾರಸಿ ಹಾಕಿಸುತ್ತಿದ್ದ. ಹೆಂಚು ಅಂಗಳದ ಮೂಲೆಯಲ್ಲಿ ರಾಶಿ ಬೀಳುವುದರಲ್ಲಿತ್ತು. ನನಗೆ ಬೇಕು ಎಂದೆ. "ಇದಕ್ಕೆ ಬಾಡಿಗೆ ಕೊಟ್ಟು ಬೆಂಗಳೂರಿಗೆ ಒಯ್ತೀಯಲ್ಲೇ, ಅಲ್ಲಿ ಹೆಂಚು ಸಿಗಲ್ವಾ?" ಎಂದ. ಪ್ರತಿಷ್ಠಾಪನಾ ಕಲೆ ಮಾಡುತ್ತೇನೆ ಎಂದು ವಿವರಿಸಿದೆ. ಗಣಪತಿ ಕೂರಿಸುವ ವಿಷಯ ಅಂದುಕೊಂಡು ಸುಮ್ಮನಾದ. ಅಂದಿನಿಂದ ನಾನೂ ಇನ್‌ಸ್ಟಲೇಶನ್ ಎಂದೇ ಹೇಳುತ್ತೇನೆ. ಜನ ಒಳಗೆ ಹೋಗಿ ನೋಡುವ ಹಾಗೆ ಒಂದು ಜಾಗವನ್ನೇ ಕೃತಿಯಾಗಿ ಕಟ್ಟುವುದು, ಅಷ್ಟೇ.

ಮುನ್ನೂರು ಹೆಂಚು ಆರಿಸಿದೆ. ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಮಾದರಿ ಇದು. ಒಂದಕ್ಕೊಂದು ಕೊಕ್ಕೆಯಂತೆ ಕೂರುತ್ತವೆ. ಒಂದು ಹೆಂಚಿಗೆ 2.4 ಕೆಜಿ ತೂಗಿತು. ರಾತ್ರಿಯಿಡೀ ನೀರಿನಲ್ಲಿಟ್ಟು ತೂಗಿದರೆ 2.7. ಅಂದರೆ ಒಣಗಿದ್ದಾಗ 720 ಕೆಜಿಯ ಮಾಡು, ಪೂರ್ತಿ ನೆನೆದರೆ 800 ದಾಟುತ್ತದೆ. ಈ ಲೆಕ್ಕ ಹಾಕದೆ ಯಾರೂ ಜನರ ತಲೆಯ ಮೇಲೆ ಹೆಂಚು ಹೊದಿಸಬೇಡಿ. ಚೆಂದ ಆಮೇಲೆ.

ಅಡಿಗೆಮನೆಯ ಹೆಂಚುಗಳ ಒಳಮೈ ಮಸಿ ಹಿಡಿದು ಹೊಳೆಯುತ್ತಿತ್ತು. ಒಲೆಯ ನೇರ ಮೇಲಿನವು ಕಾಡಿಗೆ ಕಪ್ಪು, ದೂರ ಹೋದಂತೆ ಕಂದು, ಬಾಗಿಲ ಹತ್ತಿರ ಬರೀ ಕೆಂಪು. ಇಳಿಸುವಾಗಲೇ ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದೆ, ಅದೇ ಕ್ರಮದಲ್ಲಿ ಮತ್ತೆ ಹೊದಿಸಲು. ಬೆಂಗಳೂರಿನಲ್ಲಿ ಸಹಾಯಕ್ಕೆ ಬಂದ ಹುಡುಗ ಒಂದು ಮಧ್ಯಾಹ್ನ ಅರವತ್ತು ಹೆಂಚನ್ನು ಸೋಪು ಹಾಕಿ ಉಜ್ಜಿ ಸಾಲಾಗಿ ಒಣಗಿಸಿಟ್ಟಿದ್ದ. ಮುಖದಲ್ಲಿ ಎಷ್ಟು ಖುಷಿ! ಬೈಯಲು ಬಾಯಿ ಬರಲಿಲ್ಲ. ನನ್ನ ಪುಣ್ಯಕ್ಕೆ ಅವು ಬಾಗಿಲ ಕಡೆಯವು. ಒಲೆಯ ಮೇಲಿನವು ಇನ್ನೂ ಗೋಣಿಯಲ್ಲೇ ಇದ್ದವು.

ಜಾಗ ಸಿಕ್ಕಿದ್ದು ಹಳೆಯ ಗೋದಾಮು. ಹದಿನೆಂಟು ಅಡಿ ಎತ್ತರದ ಶೀಟಿನ ಚಾವಣಿ. ಅದರೊಳಗೆ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ, ಮೇಲೆ ಪಕಾಸಿ, ರೀಪು ಹೊಡೆಸಿ, ಒಂಬತ್ತು ಅಡಿ ಎತ್ತರಕ್ಕೆ ಮಾಡು ಕಟ್ಟಿದೆವು. ಸಿಮೆಂಟ್ ನೆಲದ ಮೇಲೆ ಒಂದಿಂಚು ಕೆಮ್ಮಣ್ಣು ಬಡಿದು, ಇದ್ದಿಲ ಪುಡಿ ಬೆರೆಸಿದ ಸಗಣಿ ಸಾರಿಸಿದೆ. ಮೊದಲು ಸಿಮೆಂಟಿನ ಮೇಲೆ ನೇರವಾಗಿ ಸಾರಿಸಿ ನೋಡಿದ್ದೆ. ಎರಡೇ ದಿನಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಒರಳು, ತಾಮ್ರದ ಹಂಡೆ, ಊದುಕೊಳವೆ, ನೆಲುವು, ಎಲ್ಲ ತಂದು ಜೋಡಿಸಿದೆ. ಸ್ನೇಹಿತೆ ಬಂದು ಒಂದು ಸುತ್ತು ಹಾಕಿದಳು. "ಚಿಕ್ಕಮಗಳೂರಿನ ರೆಸಾರ್ಟ್ ರಿಸೆಪ್ಶನ್ ಥರ ಇದೆ ಕಣೇ" ಎಂದಳು. ಒಂದು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮಾರನೆಯ ದಿನ ಒಂದೊಂದೇ ಸಾಮಾನು ಹೊರಗೆ ಹಾಕಿದೆ. ಹಂಡೆ ತೆಗೆದಾಗ ಹೊಟ್ಟೆ ಚುರುಕ್ ಎಂದಿತು, ತೆಗೆದೆ. ಕೊನೆಗೆ ಉಳಿದದ್ದು ಮಾಡು ಮತ್ತು ನೆಲ.

ಆ ಹೊತ್ತಿನಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಕಲಾವಿದೆ ಶೀಲಾ ಗೌಡ ಅವರ ಕೆಲಸ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಸಗಣಿ, ಕುಂಕುಮ, ಕೂದಲು, ಟಾರ್ ಡ್ರಮ್ಮು ಇವೇ ಅವರ ಸಾಮಗ್ರಿ. 1998ರ ಒಂದು ಕೃತಿಯಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮತ್ತು ಅಂಟು ಹಚ್ಚಿ ಹಗ್ಗ ಮಾಡಿದರು. ಅದರಲ್ಲಿ ಕುಂಕುಮ ಹಣೆಯನ್ನು ನೆನಪಿಸಲು ಕೂತಿಲ್ಲ, ದಾರವನ್ನು ಹಗ್ಗ ಮಾಡುವ ಕೆಲಸ ಮಾಡುತ್ತಿದೆ. 2006ರ 'ಡಾರ್ಕ್‌ರೂಮ್' ನನಗೆ ಇನ್ನೂ ಹತ್ತಿರ. ರಸ್ತೆ ಕೆಲಸದ ಟಾರ್ ಡ್ರಮ್ಮುಗಳ ಕೋಣೆ ಅದು. ಬಗ್ಗಿ ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿಯ ಸಣ್ಣ ಸಣ್ಣ ತೂತುಗಳು ನಕ್ಷತ್ರದಂತೆ ಕಾಣುತ್ತವೆ. ನಾನು ಮಾತ್ರ ಹಂಡೆಯನ್ನು ಏನೂ ಕೆಲಸವಿಲ್ಲದೆ ಸುಮ್ನೆ ನಿಲ್ಲಿಸಿದ್ದೆ. ಹೆಂಚಿಗಾದರೆ ಕೆಲಸವಿತ್ತು. ಬೆಳಕು ಸೋಸುವ ಕೆಲಸ.

ಈಗ ಸೂರ್ಯನನ್ನು ತಯಾರಿಸಬೇಕಿತ್ತು. ಮಾಡಿನ ಮೇಲೆ ಎಂಟು ಅಡಿ ಎತ್ತರದಲ್ಲಿ ಒಂದು ಎಲ್‌ಇಡಿ ದೀಪ ಕಟ್ಟಿ ಹಚ್ಚಿದೆ. ನೆಲದ ಮೇಲೆ ಬಿಲ್ಲೆ ಬರಲಿಲ್ಲ. ಪ್ರತಿ ಸಂದಿನಿಂದಲೂ ನಾಲ್ಕು ನಾಲ್ಕು ಚುಕ್ಕಿ! ಅಡಿಗೆಮನೆ ತುಂಬ ರಂಗೋಲಿ ಚುಕ್ಕಿ ಇಟ್ಟ ಹಾಗೆ. ಏನೋ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಆ ದೀಪದೊಳಗೆ ಬೆಳಕು ಕೊಡುವ ನಾಲ್ಕು ಪುಟ್ಟ ಚಿಪ್‌ಗಳಿದ್ದವು, ಪ್ರತಿ ತೂತೂ ಅದನ್ನೇ ಪ್ರಾಮಾಣಿಕವಾಗಿ ಬರೆದು ತೋರಿಸುತ್ತಿತ್ತು. ಗ್ರಹಣದ ದಿನ ಕುಡುಗೋಲು ಬರೆದಿದ್ದೂ ಹೀಗೇ ಅಲ್ವಾ?

ದೀಪದ ಮುಂದೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಟ್ಟು, ಅದರ ಮೇಲೆ ಎರಡಿಂಚಿನ ದುಂಡು ಕಿಂಡಿ ಕತ್ತರಿಸಿದ ಕಪ್ಪು ತಗಡು ಹೊದಿಸಿದೆ. ಬಿಲ್ಲೆಗಳು ಬಂದವು. ನಿಜವಾದ ಬಿಸಿಲಿನ ಬಿಲ್ಲೆಯಷ್ಟು ಸಣ್ಣಗೆ ಬರುವುದಿಲ್ಲ. ಅದು ಬೇಕಾದರೆ ಎರಡಿಂಚಿನ ದುಂಡನ್ನು ಮಾಡಿನಿಂದ ಹದಿನೆಂಟು ಅಡಿ ದೂರ ಇಡಬೇಕಿತ್ತು. ಅಷ್ಟು ಎತ್ತರ ನನ್ನ ಹತ್ತಿರ ಇರಲಿಲ್ಲ. ಇಪ್ಪತ್ತೆರಡು ಸಂದು ಉಳಿಸಿಕೊಂಡು ಬಾಕಿ ಎಲ್ಲಕ್ಕೂ ಗೋಣಿ ಚೂರು ತುರುಕಿದೆ.

ಬಿಲ್ಲೆ ಸರಿಯಬೇಕು, ಸರಿಯುವುದು ಕಾಣಬಾರದು. ಒಂಬತ್ತು ಅಡಿ ಮೇಲಿನ ತೂತಿನಿಂದ ಬಿದ್ದ ಬಿಸಿಲು ನಡುಹಗಲಲ್ಲಿ ನಿಮಿಷಕ್ಕೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಸರಿಯುತ್ತದೆ. ಮೊದಲು ಬೇಗ ಓಡಿಸಿದ್ದೆ. ನೋಡಲು ಬಂದ ಮಕ್ಕಳು ಅದರ ಹಿಂದೆ ಕುಣಿದರು. ಆಮೇಲೆ ನಿಮಿಷಕ್ಕೆ ಅರ್ಧ ಸುತ್ತು ತಿರುಗುವ ಗೇರ್ ಮೋಟಾರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಯಲ್ಲಿ ಸಿಕ್ಕಿತು. ಅದಕ್ಕೆ ಪೆನ್ಸಿಲ್ ದಪ್ಪದ ಕಡ್ಡಿ, ಕಡ್ಡಿಗೆ ನೂಲು, ನೂಲಿಗೆ ಪರದೆಯ ಹಳಿಯ ಮೇಲೆ ಜಾರುವ ದೀಪ. ಲೆಕ್ಕ ಕೂಡಿತು. ಈಗ ಜನ ನಿಂತು ನೋಡಿದರೆ ಏನೂ ಅಲ್ಲಾಡುವುದಿಲ್ಲ. ಮಾತಾಡಿ ತಿರುಗುವಷ್ಟರಲ್ಲಿ ಕಾಲ ಬೆರಳ ಮೇಲಿದ್ದ ಬಿಲ್ಲೆ ನೆಲಕ್ಕಿಳಿದಿರುತ್ತದೆ.

ಇನ್ನು ಹೊಗೆ. ಬಾಡಿಗೆಗೆ ತಂದ ಹೊಗೆ ಯಂತ್ರ ಮದುವೆ ಆರ್ಕೆಸ್ಟ್ರಾ ಥರ ಕಾಣಿಸಿತು. ಸಾಂಬ್ರಾಣಿ ಹಾಕಿದೆ. ಬಂದವರಿಬ್ಬರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು. ಒಲಾಫರ್ ಎಲಿಯಾಸನ್ ಎಂಬ ಕಲಾವಿದ 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ ದೊಡ್ಡ ಸೂರ್ಯನನ್ನೇ ಕೂರಿಸಿದ್ದರು. ಅರ್ಧ ವೃತ್ತದ ದೀಪಗಳು, ಚಾವಣಿಗೆ ಕನ್ನಡಿ, ಉಳಿದರ್ಧ ಕನ್ನಡಿಯಲ್ಲಿ. ಗಾಳಿಯಲ್ಲಿ ತೇಲಿಸಿದ್ದು ಸಕ್ಕರೆ ನೀರಿನ ಮಂಜು. ನಮ್ಮಲ್ಲಿ ಹಾಗೆ ಮಾಡಿದರೆ ಪ್ರೇಕ್ಷಕರಿಗಿಂತ ಮುಂಚೆ ಇರುವೆ ಬರುತ್ತವೆ.

ಕೊನೆಗೆ ಬರೀ ನೀರು. ಸಣ್ಣ ಕಾರಂಜಿಗಳಿಗೆ ಹಾಕುವ ಮಿಸ್ಟ್ ಮೇಕರ್, 24 ವೋಲ್ಟಿನದ್ದು, ನಾಲ್ಕು ತಂದೆ. ನೀರಿನಲ್ಲಿ ಮುಳುಗಿಸಿಟ್ಟರೆ ಅದರ ಪುಟ್ಟ ತಟ್ಟೆ ನಡುಗಿ ನೀರನ್ನು ಮಂಜು ಮಾಡುತ್ತದೆ. ನೆಲದ ಮೇಲಿಟ್ಟಾಗ ಮಂಜು ಮಂಡಿಯ ಮೇಲೆ ಏಳಲೇ ಇಲ್ಲ, ತಣ್ಣಗಿದೆ, ಕೆಳಗೇ ಮಲಗುತ್ತದೆ. ಟ್ರೇಗಳನ್ನು ಅಟ್ಟದ ಹಲಗೆಯ ಮೇಲೆ ಸಾಗಿಸಿದೆ. ಮೇಲಿನಿಂದ ಮೆಲ್ಲಗೆ ಇಳಿಯತೊಡಗಿತು, ಇಪ್ಪತ್ತೆರಡು ಕೋಲುಗಳು ಎದ್ದು ನಿಂತವು. ಮೂರನೆಯ ದಿನಕ್ಕೆ ನನ್ನ ಕಪ್ಪು ಹೆಂಚುಗಳ ಮೇಲೆ ಬಿಳಿ ಪುಡಿ! ಬೋರ್‌ವೆಲ್ ನೀರು. ಅದರ ಸುಣ್ಣವನ್ನೂ ಯಂತ್ರ ಮಂಜಿನ ಜೊತೆ ಹಾರಿಸಿ ಎಲ್ಲ ಕಡೆ ಉದುರಿಸಿತ್ತು. ಒದ್ದೆ ಬಟ್ಟೆ ಹಿಡಿದು ಏಣಿ ಹತ್ತಿ ಎರಡು ರಾತ್ರಿ ಒರೆಸಿದೆ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಕ್ಯಾನುಗಟ್ಟಲೆ ತರಿಸಿದೆ. ಯಾರಾದರೂ ಈ ಯಂತ್ರ ಬಳಸುವವರಿದ್ದರೆ ಮೊದಲ ದಿನವೇ ಅದನ್ನು ಹಾಕಿ.

ಒರೆಸುವಾಗ ಒಂದು ಗೊತ್ತಾಯಿತು. ಹೆಂಚು ನೆನೆದರೆ ವಾಸನೆ ಬಿಡುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ, ಅದರ ಹಿಂದೆಯೇ ಹಳೆಯ ಹೊಗೆ, ಎಣ್ಣೆ, ಸುಟ್ಟ ತೆಂಗಿನ ಸಿಪ್ಪೆ. ಅಟ್ಟದಲ್ಲಿ ಒಣಗಿಸುತ್ತಿದ್ದ ವಾಟೆಹುಳಿಯದ್ದೂ ಇತ್ತೇನೋ. ಇದನ್ನು ನಾನು ಯೋಜಿಸಿರಲಿಲ್ಲ. ಮಂಜು ಇಳಿದಂತೆ ಹೆಂಚು ತಾನಾಗಿ ಉಸಿರು ಬಿಡುತ್ತಿತ್ತು. ಹಂಡೆ, ಊದುಕೊಳವೆ ಇಟ್ಟು ನಾನು ಹರಸಾಹಸ ಮಾಡಿದ್ದನ್ನು ಒಂದು ಟ್ರೇ ನೀರು ಮಾಡಿತು.

ಗಂಟೆಗೊಮ್ಮೆ ಮಂಜು ನಿಲ್ಲಿಸುತ್ತಿದ್ದೆ. ಕೋಲುಗಳು ಕರಗಿ ಬಿಲ್ಲೆ ಮಾತ್ರ ಉಳಿಯುತ್ತಿತ್ತು. ಆಗ ದೀಪದ ಕಿಂಡಿಯ ಮುಂದೆ ಒಂದು ದುಂಡು ರಟ್ಟು ನಿಧಾನವಾಗಿ ಜಾರಿ ಬರುತ್ತದೆ. ಇಪ್ಪತ್ತೆರಡು ಬಿಲ್ಲೆಗಳೂ ಒಟ್ಟಿಗೆ ಕುಡುಗೋಲಾಗುತ್ತವೆ. ಏಳು ನಿಮಿಷ. ಮತ್ತೆ ಮಂಜು.

ಹನ್ನೆರಡು ದಿನ ತೆರೆದಿಟ್ಟಿದ್ದೆ. ಅದರ ನಿಜವಾದ ಗೈಡ್ ಆಗಿದ್ದು ರಾತ್ರಿ ಹಗಲು ಅಲ್ಲೇ ಇರುತ್ತಿದ್ದ ಕಾವಲಿನವರು. ಬಯಲುಸೀಮೆಯ ಕಡೆಯವರು. "ನಮ್ಮ ಕಡೆ ಹೆಂಚ ಇಲ್ರಿ ಮೇಡಂ, ಮಾಳಿಗಿ ಮನಿ. ಮ್ಯಾಲ ಬೆಳಕಿಂಡಿ ಇರ್ತೈತಿ. ಮಳಿ ಬಂದ್ರ ನಮ್ಮವ್ವ ಓಡಿ ಹೋಗಿ ಬುಟ್ಟಿ ಮುಚ್ಚಾಕಿ" ಎಂದರು. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳತೊಡಗಿದರು. ತೀರ್ಥಹಳ್ಳಿಯ ಮಾತೇ ಇಲ್ಲ. ಒಂದಿಬ್ಬರು ಬೆಳಕಿಂಡಿ ಯಾವುದು ಎಂದು ಮಾಡಿನಲ್ಲಿ ಹುಡುಕಿದರು. ನಾನು ತಿದ್ದಲು ಹೋಗಲಿಲ್ಲ.

ಒಂಬತ್ತನೆಯ ದಿನ ಅಮ್ಮ ಊರಿನಿಂದ ಬಂದಳು. ಒಳಗೆ ಹೋಗಿ ಸಗಣಿ ನೆಲದ ಮೇಲೆ ಕಾಲು ಮಡಚಿ ಕೂತಳು. ತಲೆ ಎತ್ತಿ ಮಾಡು ನೋಡಿದಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಅಳುತ್ತಾಳೆ ಅಂದುಕೊಂಡು ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ.

"ಬಿಸಿಲು ಹಿಂದೆ ಹೋಗ್ತಿದೆಯಲ್ಲೇ" ಎಂದಳು.

ಅರ್ಥವಾಗಲಿಲ್ಲ. ಅವಳು ಮಾಡಿನ ಒಂದು ಮೂಲೆ ತೋರಿಸಿದಳು. "ಅಲ್ಲಿ ಹೆಂಚು ಕಪ್ಪಗಿದೆ. ಅಂದ್ರೆ ಒಲೆ ಅಲ್ಲಿ, ಮೂಡಲಿಗೆ. ಬೆಳಿಗ್ಗೆ ಈ ಗೋಡೆ ಮೇಲೆ ಶುರುವಾದ ಬಿಸಿಲು ಮಧ್ಯಾಹ್ನದ ಮೇಲೆ ಒಲೆ ಹತ್ತಿರ ಹೋಗ್ಬೇಕು. ಇದು ಒಲೆಯಿಂದ ಈಚೆ ಬರ್ತಿದೆ."

ದೀಪ ಒಂದು ಕಡೆ ಸರಿದರೆ ಬಿಲ್ಲೆ ಎದುರು ಕಡೆ ಸರಿಯುತ್ತದೆ. ಅದು ನನಗೆ ಗೊತ್ತಿತ್ತು, ಕಾಗದದ ಮೇಲೆ ಬಾಣ ಬರೆದು ಇಟ್ಟುಕೊಂಡಿದ್ದೆ ಕೂಡ. ಕಟ್ಟುವಾಗ ಮೋಟಾರ್ ಉಲ್ಟಾ ಕೂರಿಸಿದ್ದೆ. ಒಂಬತ್ತು ದಿನ ಸಂಜೆಯಿಂದ ಬೆಳಗಿನ ಕಡೆಗೆ ಹಗಲು ಓಡಿಸಿದ್ದೆ. ಬಂದವರು ಯಾರೂ ಹೇಳಲಿಲ್ಲ, ಹೆಂಚಿಗೆ ನಂಬರ್ ಬರೆದ ನನಗೂ ಕಾಣಲಿಲ್ಲ.

ಅವತ್ತು ರಾತ್ರಿ ಬಾಗಿಲು ಹಾಕಿದ ಮೇಲೆ ಏಣಿ ಹತ್ತಿ ಮೋಟಾರಿನ ಎರಡು ವೈರು ಅದಲುಬದಲು ಮಾಡಿದೆ. ಐದು ನಿಮಿಷದ ಕೆಲಸ. ಕಾವಲಿನವರು ಕೆಳಗೆ ಏಣಿ ಹಿಡಿದಿದ್ದರು. ಅಮ್ಮ ಒಲೆ ಇರಬೇಕಾದ ಜಾಗದಲ್ಲಿ ಚಪ್ಪಲಿ ಬಿಟ್ಟು, ಬಿಲ್ಲೆ ಅದರ ಕಡೆ ಬರುತ್ತದಾ ಎಂದು ನೋಡುತ್ತ ಕೂತಿದ್ದಳು.