ರೈಟರ್‌ನಲ್ಲಿ ನನ್ನ ಕೆಲಸಕ್ಕೆ ತಕ್ಕ ಮೆನು ಮಾಡಿಕೊಂಡ ಬಗೆ

ಬೇರೆಯವರು ಬರೆದ ವರದಿಗಳನ್ನು ತಿದ್ದಿ, ಅಚ್ಚುಕಟ್ಟು ಮಾಡಿ ಕೊಡುವುದು ನನ್ನ ಕೆಲಸ. ದಿನವಿಡೀ ಲಿಬ್ರೆಆಫೀಸ್ ರೈಟರ್, ಅಂದರೆ ವರ್ಡ್‌ನಂತೆ ಬರಹ ಸಿದ್ಧಪಡಿಸುವ ಉಚಿತ ಸಾಫ್ಟ್‌ವೇರ್, ತೆರೆದೇ ಇರುತ್ತದೆ. ಅದರಲ್ಲಿ ಕಮಾಂಡ್‌ಗಳು ನೂರಾರು. ನನಗೆ ದಿನಾ ಬೇಕಾಗುವುದು ಕೆಲವೇ ಕೆಲವು, ಅವೂ ಒಂದೊಂದು ಒಂದೊಂದು ಕಡೆ. ತಿದ್ದುಪಡಿ ದಾಖಲಿಸುವ ಕಮಾಂಡ್ ಎಡಿಟ್ ಮೆನುವಿನ ಒಳಗಿನ ಟ್ರ್ಯಾಕ್ ಚೇಂಜಸ್‌ನಲ್ಲಿ, ಪದಗಳ ಲೆಕ್ಕ ಟೂಲ್ಸ್‌ನಲ್ಲಿ, ಪರಿವಿಡಿ ಇನ್ಸರ್ಟ್‌ನಲ್ಲಿ, ಪಿಡಿಎಫ್ ಮಾಡುವುದು ಫೈಲ್‌ನಲ್ಲಿ. ಸಾಫ್ಟ್‌ವೇರ್ ಮಾಡಿದವರು ಕಮಾಂಡ್‌ನ ಬಗೆ ನೋಡಿ ಜೋಡಿಸಿದ್ದಾರೆ, ಅದು ಸರಿಯೇ. ಆದರೆ ನನ್ನ ಕೆಲಸ ಆ ಕ್ರಮದಲ್ಲಿ ನಡೆಯುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ಕಾಗದ ತೆಗೆದುಕೊಂಡೆ. ಒಂದು ವರದಿ ಕೈಗೆ ಬಂದಾಗಿನಿಂದ ಕಳಿಸುವವರೆಗೆ ಯಾವ ಕಮಾಂಡ್ ಒತ್ತುತ್ತೇನೋ ಅದನ್ನೆಲ್ಲ ಅದೇ ಕ್ರಮದಲ್ಲಿ ಬರೆದೆ. ತಾನಾಗಿಯೇ ಮೂರು ಭಾಗವಾಯಿತು. ಬಂದ ಕೂಡಲೇ: ಅಡ್ಡಾದಿಡ್ಡಿ ಫಾರ್ಮ್ಯಾಟಿಂಗ್ ತೆಗೆಯುವುದು, ಸ್ಪೇಸ್-ಎಂಟರ್ ಗುರುತು ಕಾಣಿಸುವಂತೆ ಮಾಡುವುದು. ತಿದ್ದುವಾಗ: ತಿದ್ದುಪಡಿ ದಾಖಲೆ, ಹುಡುಕಿ ಬದಲಿಸುವುದು, ಕಾಮೆಂಟ್. ಕಳಿಸುವ ಮುಂಚೆ: ಹಳೆಯ ಪ್ರತಿಯ ಜೊತೆ ಹೋಲಿಕೆ, ಪದಗಳ ಲೆಕ್ಕ, ಪರಿವಿಡಿ, ಪಿಡಿಎಫ್. ಈ ಪಟ್ಟಿಯೇ ಮುಕ್ಕಾಲು ಕೆಲಸ. ಪಟ್ಟಿ ಇಲ್ಲದೆ ನೇರವಾಗಿ ಮೆನು ಮಾಡಲು ಹೊರಟರೆ ಕಂಡದ್ದನ್ನೆಲ್ಲ ತುಂಬಿಬಿಡುತ್ತೇವೆ.

ಆಮೇಲೆ ಟೂಲ್ಸ್‌ಗೆ ಹೋಗಿ ಕಸ್ಟಮೈಸ್ ತೆರೆದೆ. ಮೆನುಸ್ ಎಂಬ ಟ್ಯಾಬ್‌ನಲ್ಲಿ ಎಡಕ್ಕೆ ರೈಟರ್‌ನ ಕಮಾಂಡ್‌ಗಳೆಲ್ಲ ಇರುತ್ತವೆ, ಬಲಕ್ಕೆ ಆಯ್ದ ಮೆನುವಿನಲ್ಲಿ ಇರುವವು. ನಡುವಿನ ಬಾಣ ಒತ್ತಿದರೆ ಅತ್ತಿಂದಿತ್ತ ಹೋಗುತ್ತವೆ. ಎಡಗಡೆ ಮೇಲೆ ಹುಡುಕುವ ಜಾಗ ಇದೆ, ಅದನ್ನೇ ಬಳಸಿ. ಉದ್ದದ ಪಟ್ಟಿಯಲ್ಲಿ ಕಣ್ಣಾಡಿಸುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ. ಮೆನು ಆರಿಸುವ ಪಟ್ಟಿಯ ಪಕ್ಕದ ಬಟನ್‌ನಲ್ಲಿ ಹೊಸ ಮೆನು ಸೇರಿಸಬಹುದು. ನನ್ನದಕ್ಕೆ 'ತಿದ್ದುವಿಕೆ' ಎಂದು ಹೆಸರಿಟ್ಟು, ಹೆಲ್ಪ್‌ಗಿಂತ ಮುಂಚೆ ಕೂರಿಸಿದೆ. ಮೂರು ಭಾಗಗಳ ನಡುವೆ ಇನ್ಸರ್ಟ್ ಬಟನ್‌ನಿಂದ ಸೆಪರೇಟರ್, ಅಂದರೆ ಒಂದು ಗೆರೆ, ಹಾಕಿದೆ. ಆ ಗೆರೆ ಚಿಕ್ಕದಾದರೂ ದೊಡ್ಡ ಉಪಕಾರಿ. ಕಣ್ಣು ಓದುವುದಕ್ಕೆ ಮುಂಚೆಯೇ ಜಾಗ ಗುರುತು ಹಿಡಿಯುತ್ತದೆ.

ಹೆಸರುಗಳನ್ನೂ ಬದಲಿಸಿದೆ. ಮಾಡಿಫೈ ಒತ್ತಿ ರೀನೇಮ್ ಆರಿಸಿದರೆ ಆಯಿತು. 'ಕಂಪೇರ್ ಡಾಕ್ಯುಮೆಂಟ್' ಇದ್ದದ್ದು ಈಗ 'ಹಳೆಯ ಪ್ರತಿ ಜೊತೆ ಹೋಲಿಸು'. ಹೆಸರಿನಲ್ಲಿ ಒಂದು ಅಕ್ಷರಕ್ಕಿಂತ ಮುಂಚೆ ಟಿಲ್ಡೆ (~) ಗುರುತು ಇಟ್ಟರೆ ಆ ಅಕ್ಷರಕ್ಕೆ ಅಡಿಗೆರೆ ಬರುತ್ತದೆ. ಇಂಗ್ಲಿಷ್ ಹೆಸರಿನ ಮೆನುವಾದರೆ ಆಲ್ಟ್ ಜೊತೆ ಆ ಅಕ್ಷರ ಒತ್ತಿ ತೆರೆಯಬಹುದು. ಇನ್ನೊಂದು ಮೆನು ಅದೇ ಅಕ್ಷರವನ್ನು ಬಳಸುತ್ತಿಲ್ಲ ಎಂದು ನೋಡಿಕೊಳ್ಳಿ.

ಸ್ಕೋಪ್ ಎಂಬ ಪಟ್ಟಿಯನ್ನು ಮಾತ್ರ ತುಂಬಾ ಗಮನವಿಟ್ಟು ನೋಡಬೇಕು. ಅಲ್ಲಿ ರೈಟರ್ ಎಂದಿದ್ದರೆ ಮೆನು ರೈಟರ್‌ನಲ್ಲಿ ತೆರೆಯುವ ಎಲ್ಲ ಫೈಲ್‌ಗಳಲ್ಲೂ ಕಾಣುತ್ತದೆ. ತೆರೆದಿರುವ ಫೈಲಿನ ಹೆಸರು ಆರಿಸಿದರೆ ಆ ಮೆನು ಫೈಲಿನೊಳಗೇ ಉಳಿಯುತ್ತದೆ. ಒಡಿಟಿ (ರೈಟರ್‌ನ ಸ್ವಂತ ಬಗೆಯ) ಫೈಲನ್ನು ಇನ್ನೊಬ್ಬರಿಗೆ ಕೊಟ್ಟರೆ ಮೆನುವೂ ಜೊತೆಗೆ ಹೋಗುತ್ತದೆ. ಹಲವರು ತುಂಬಬೇಕಾದ ನಮೂನೆಗೆ ಇದು ಬಹಳ ಒಳ್ಳೆಯದು. ವರ್ಡ್‌ನ ಬಗೆಯಾದ ಡಾಕ್ಸ್ ಆಗಿ ಉಳಿಸಿದರೆ ಮೆನು ಬರುವುದಿಲ್ಲ.

ಬಲ ಕ್ಲಿಕ್ಕಿನ ಮೆನುವನ್ನೂ ಬದಲಿಸಬಹುದು ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದೇ ಕಸ್ಟಮೈಸ್‌ನಲ್ಲಿ ಕಾಂಟೆಕ್ಸ್ಟ್ ಮೆನುಸ್ ಎಂಬ ಟ್ಯಾಬ್ ಇದೆ. ನಾನು ಅಕ್ಷರಗಳ ಮೇಲೆ ಬರುವ ಮೆನುವಿನಲ್ಲಿ ಫಾರ್ಮ್ಯಾಟಿಂಗ್ ಇಲ್ಲದ ಪೇಸ್ಟ್ ಅನ್ನು ಮೇಲೆ ತಂದಿಟ್ಟೆ. ವೆಬ್‌ಸೈಟ್‌ನಿಂದ ತಂದ ಬರಹ ಬಣ್ಣ, ಅಳತೆ, ಫಾಂಟ್ ಎಲ್ಲ ಹೊತ್ತು ಬರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಕೀಬೋರ್ಡ್‌ನಲ್ಲಿ ಕಂಟ್ರೋಲ್-ಆಲ್ಟ್-ಶಿಫ್ಟ್-ವಿ ಒತ್ತಬಹುದು, ಆದರೆ ಬೆರಳಿಗೆ ಅದು ದೂರ.

ಮೊದಲಿಂದ ಇರುವ ಮೆನುಗಳಿಂದ ಏನನ್ನೂ ತೆಗೆಯಬೇಡಿ ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಸಹಾಯ ಪುಟದಲ್ಲೋ ಸಹೋದ್ಯೋಗಿ ಹೇಳುವಾಗಲೋ 'ಎಡಿಟ್‌ಗೆ ಹೋಗಿ' ಎಂದರೆ ಅದು ಅಲ್ಲೇ ಇರಬೇಕು. ಸೇರಿಸಿ, ಕಳೆಯಬೇಡಿ. ಏನಾದರೂ ಕೆಟ್ಟರೆ ಮೊದಲಿನಂತೆ ಮಾಡುವ ಡೀಫಾಲ್ಟ್ಸ್ ಬಟನ್ ಇದೆ, ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ಗೂ ಹೋಗಬಹುದು.

ಅಪರೂಪಕ್ಕೆ ಬೇಕಾಗುವ ಕಮಾಂಡ್‌ಗೆ ಮೆನುವಿನಲ್ಲಿ ಜಾಗ ಕೊಡುವುದೇ ಬೇಡ. ರೈಟರ್ 7.2ರಿಂದ ಶಿಫ್ಟ್-ಎಸ್ಕೇಪ್ ಒತ್ತಿದರೆ ಹೆಸರು ಟೈಪ್ ಮಾಡಿ ಹುಡುಕಬಹುದು.

ವರ್ಡ್ ಬಳಸುವವರಿಗೂ ಇದೇ ಪಟ್ಟಿ ಸಾಕು. ಅಲ್ಲಿ ಮೆನುಗಳ ಬದಲಿಗೆ ರಿಬ್ಬನ್, ಅಂದರೆ ಟ್ಯಾಬ್‌ಗಳಲ್ಲಿ ಜೋಡಿಸಿದ ಬಟನ್‌ಗಳ ಪಟ್ಟಿ, ಬಂದದ್ದು 2007ರಲ್ಲಿ, ಆಪ್ಷನ್ಸ್‌ನಿಂದಲೇ ಅದನ್ನು ಬದಲಿಸುವ ಸೌಲಭ್ಯ ಬಂದದ್ದು 2010ರಲ್ಲಿ. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಎಂಬ ದಾರಿಯಲ್ಲಿ ಹೊಸ ಟ್ಯಾಬ್ ಮಾಡಬಹುದು. ಕ್ವಿಕ್ ಆಕ್ಸೆಸ್ ಎಂಬ ಚಿಕ್ಕ ಬಟನ್ ಪಟ್ಟಿಯ ಮೊದಲ ಕಮಾಂಡ್‌ಗಳಿಗೆ ಆಲ್ಟ್-1, ಆಲ್ಟ್-2 ಎಂದು ತಾನಾಗಿಯೇ ಶಾರ್ಟ್‌ಕಟ್ ಸಿಗುತ್ತದೆ. ಅದೇ ಪುಟದಲ್ಲಿ ಎಕ್ಸ್‌ಪೋರ್ಟ್ ಕೂಡ ಇದೆ, ಹೊಸ ಕಂಪ್ಯೂಟರಿಗೆ ಒಯ್ಯುವುದು ಸುಲಭ.

ಲಿಬ್ರೆಆಫೀಸ್‌ನಲ್ಲಿ ಮೆನುಗೆ ಅಂಥ ಬಟನ್ ಇಲ್ಲ. ನಾನು ನನ್ನ ಬದಲಾವಣೆಗಳೆಲ್ಲ ಇರುವ ಬಳಕೆದಾರರ ಪ್ರೊಫೈಲ್ ಫೋಲ್ಡರನ್ನೇ ಕಾಪಿ ಮಾಡಿ ಇಟ್ಟುಕೊಳ್ಳುತ್ತೇನೆ. ವಿಂಡೋಸ್‌ನಲ್ಲಿ ಅದು ಆಪ್‌ಡೇಟಾ, ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್ ಎಂಬ ಸಾಲಿನಲ್ಲಿ ಸಿಗುತ್ತದೆ. 4.0ರಿಂದ ಈಚಿನ ಆವೃತ್ತಿ ಯಾವುದೇ ಇರಲಿ, ಆ 4 ಹಾಗೇ ಇರುತ್ತದೆ. ಕಾಪಿ ಮಾಡುವಾಗ ಲಿಬ್ರೆಆಫೀಸ್ ಪೂರ್ತಿ ಮುಚ್ಚಿರಬೇಕು.