ಷಡ್ಜ ಇಲ್ಲದ ಹಾಡನ್ನು ಕೈಗೆ ತಂದುಕೊಂಡ ಬಗೆ

ನಾನು ಬಸೂನ್ ನುಡಿಸುತ್ತೇನೆ. ಸುಮಾರು ಎಂಟು ಅಡಿ ಉದ್ದದ ಮರದ ಕೊಳವೆಯನ್ನು ಮಡಚಿ ಮಾಡಿದ ವಾದ್ಯ ಇದು. ಶಹನಾಯಿಯ ಹಾಗೆ ಇದಕ್ಕೂ ಜೋಡಿ ನಾಲಿಗೆಯ ರೀಡ್. ಹೋದ ವರ್ಷ ಅಮೆರಿಕದ ಸಂಯೋಜಕ ಅಡಾಲ್ಫ್ ವೈಸ್ ಅವರ ಕನ್ಚರ್ಟೊ ಕಲಿತೆ, ಅಂದರೆ ಒಂದು ವಾದ್ಯ ಮುಂದೆ ನಿಂತು ಉಳಿದವು ಜೊತೆಗೂಡುವ ಕೃತಿ. ಬಸೂನ್ ಜೊತೆ ಬರೀ ನಾಲ್ಕು ತಂತಿವಾದ್ಯ. 1949ರ ಕೃತಿ.

ವೈಸ್ ಹುಟ್ಟಿದ್ದು 1891ರಲ್ಲಿ, ಬಾಲ್ಟಿಮೋರ್‌ನಲ್ಲಿ. ಇಪ್ಪತ್ತು ತುಂಬುವ ಮೊದಲೇ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದಲ್ಲಿ ಹೆಸರಾಂತ ಸಂಯೋಜಕ, ನಿರ್ದೇಶಕ ಮಾಹ್ಲರ್ ಕೈಕೆಳಗೆ ಬಸೂನ್ ನುಡಿಸಿದ್ದರು. 1920ರ ದಶಕದಲ್ಲಿ ಯುರೋಪಿಗೆ ಹೋಗಿ, ಆಧಾರ ಸ್ವರವೇ ಇಲ್ಲದ ಸಂಗೀತ ಬರೆದ ಆಸ್ಟ್ರಿಯಾದ ಸಂಯೋಜಕ ಷೋನ್‌ಬರ್ಗ್ ಹತ್ತಿರ ಕಲಿತರು. ಅವರಲ್ಲಿ ಕಲಿತ ಮೊದಲ ಅಮೆರಿಕನ್ ಶಿಷ್ಯ ಅಂತಲೇ ಇವರ ಹೆಸರು. ಆಮೇಲೆ ಅಮೆರಿಕದ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್‌ಗೆ ಪಾಠ ಹೇಳಿದವರೂ ಇವರೇ. ಇಷ್ಟು ದೊಡ್ಡವರ ನಡುವೆ ನಿಂತ ಮನುಷ್ಯನನ್ನು ಅವರ ಗುರು ಮತ್ತು ಶಿಷ್ಯನ ಹೆಸರಿನ ಜೊತೆಗಷ್ಟೇ ನೆನೆಯುತ್ತೇವೆ. ನನಗೆ ಅದು ನೋವಿನ ವಿಷಯ. ಅವರ ಸಂಗೀತವನ್ನೇ ನುಡಿಸಬೇಕು ಅನ್ನಿಸಿತು.

ಮೊದಲ ತೊಡಕು ನನ್ನ ಕಿವಿಯದ್ದು. ಚಿಕ್ಕಂದಿನಿಂದ ತಂಬೂರಿ ಕೇಳಿ ಬೆಳೆದವನು ನಾನು. ಯಾವ ಸ್ವರ ಬಂದರೂ ಮನಸ್ಸು ಮೊದಲು ಷಡ್ಜ ಎಲ್ಲಿದೆ ಅಂತ ಹುಡುಕುತ್ತದೆ. ಈ ಕೃತಿಯಲ್ಲಿ ಸ್ವರಗಳು ಮರಳಿ ಬಂದು ಕೂರುವ ಮನೆ ಅಂತ ಒಂದಿಲ್ಲ. ಅಭ್ಯಾಸಕ್ಕೆ ಶ್ರುತಿಪೆಟ್ಟಿಗೆ ಹಚ್ಚಿಟ್ಟುಕೊಂಡರೆ ಸಾಲೆಲ್ಲ ಅಪಸ್ವರ ಅನ್ನಿಸುತ್ತಿತ್ತು. ಕೊನೆಗೆ ಅದನ್ನು ನಿಲ್ಲಿಸಿದೆ. ಒಂದು ಸ್ವರದಿಂದ ಮುಂದಿನದಕ್ಕೆ ಎಷ್ಟು ದೂರ, ಅಷ್ಟನ್ನೇ ಹಿಡಿದುಕೊಂಡು ಬಾಯಲ್ಲಿ ಹಾಡಿದೆ. ವೈಸ್ ಹತ್ತಿರ ಕಲಿಯುವಾಗ ಕೇಜ್ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತು ಬರೆಯುತ್ತಿದ್ದರಂತೆ. ನಾನೂ ಅದೇ ಹೊತ್ತಿಗೆ ಎದ್ದೆ. ವಾದ್ಯ ಮುಟ್ಟುತ್ತಿರಲಿಲ್ಲ, ಮೆಲ್ಲಗೆ ಹಾಡುತ್ತಿದ್ದೆ, ದಿನಕ್ಕೆ ಎರಡೇ ಸಾಲು. ಮೂರು ವಾರಕ್ಕೆ ಒಂದು ಪುಟ ಬಾಯಿಗೆ ಬಂತು.

ಎರಡನೆಯದು ಎಡಗೈ ಹೆಬ್ಬೆರಳು. ಕೆಳಗಿನಿಂದ ನಡುವಿನ ಲಾ (ಪಾಶ್ಚಾತ್ಯ ಸಂಗೀತದ A) ಸ್ವರಕ್ಕೆ ಉಸಿರು ಕಡಿಯದೆ ಹಾರಿದರೆ ಬಸೂನ್ ಗೊರಗುಟ್ಟುತ್ತದೆ. ಸ್ವರ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಹೆಬ್ಬೆರಳಿಂದ ಮೇಲಿನ ಕೀಲಿಯನ್ನು ಒಮ್ಮೆ ತಟ್ಟಿ ಬಿಡಬೇಕು. ಚೂರು ತಡವಾದರೂ ಸ್ವರ ಒಡೆಯುತ್ತದೆ. ಒಂದು ಜಿಗಿತಕ್ಕೆ ದಿನಕ್ಕೆ ನಲವತ್ತು ಸಲ ತಟ್ಟಿದ್ದೇನೆ.

ರೀಡ್ ನಾನೇ ಕಟ್ಟುತ್ತೇನೆ. ಜೊಂಡನ್ನು ನೆನೆಸಿ, ಮಡಚಿ, ಮೂರು ಹಿತ್ತಾಳೆ ತಂತಿ ಸುತ್ತಿ, ತುದಿಯನ್ನು ಚಾಕುವಿನಿಂದ ಹೆರೆಯಬೇಕು. ಈ ಕೃತಿಗೆಂದು ತುದಿಯನ್ನು ತೀರಾ ತೆಳ್ಳಗೆ ಮಾಡಿದ್ದೆ. ಕೆಳಗಿನ ಸ್ವರಗಳು ಬೆಣ್ಣೆಯ ಹಾಗೆ ಬಂದವು, ಮೇಲಿನವು ಕುಸಿದವು. ಕಛೇರಿಗೆ ನಾಲ್ಕು ದಿನ ಇರುವಾಗ ಅದು ಸೀಳಿತು. ಹೊಸದು ಕಟ್ಟಿದೆ, ತುದಿ ಸ್ವಲ್ಪ ದಪ್ಪ ಬಿಟ್ಟೆ. ಈ ಸಲ ತಟ್ಟಿದ ಕೂಡಲೇ ಲಾ ನಿಂತಿತು.

ಕಛೇರಿಯ ದಿನ ತಂತಿವಾದ್ಯಗಳು ಹಿಂದೆ ಸರಿದು ಬಸೂನ್ ಒಂದೇ ಉಳಿಯುವ ಜಾಗ ಬಂತು. ನನ್ನ ಮನಸ್ಸು ಷಡ್ಜ ಹುಡುಕಲಿಲ್ಲ.